ಕುದುರೆ ದನ ಅಲ್ಲ

ಡಾಕ್ಟ್ರ ಎಡಗಿವಿಯ ಮೇಲಿನ ಅರ್ಧ ಇರಲಿಲ್ಲ. ಉಳಿದ ಅರ್ಧದ ಅಂಚು ಸೊಟ್ಟಪಟ್ಟ. ಹಲ್ಲಿನ ಕೆಲಸ ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಪುಣೆಯ ಕಡೆ ಮಿಲಿಟರಿ ಲಾಯದಲ್ಲಿದ್ದಾಗ ಕುದುರೆಯೊಂದು ಕಚ್ಚಿ ಕಿತ್ತದ್ದಂತೆ. ಹೊನ್ನಾವರ ಬಂದರಿನ ಟಾಂಗಾದವರು ಆ ಕಿವಿ ನೋಡಿ, "ಕುದ್ರೆ ಹತ್ರ ಕಚ್ಚಿಸ್ಕಂಡವ ಕುದ್ರೆಗೆ ಎಂತ ಔಷ್ದ ಮಾಡ್ತ" ಎಂದು ಅವರಿಗೆ ಕೇಳುವ ಹಾಗೆಯೇ ನಗುತ್ತಿದ್ದರು. ಅವರು ತಿರುಗಿ ನೋಡುತ್ತಿರಲಿಲ್ಲ. "ಅದ್ರ ತಪ್ಪಲ್ಲ. ಮೇಯ್ತಿರುವಾಗ ಮಾತಾಡಿಸ್ದೆ ತಲೆ ಹಾಕಿದವ ನಾನು" ಎಂದು ಕುದುರೆಯ ಪರವಾಗಿಯೇ ಜವಾಬು ಕೊಡುತ್ತಿದ್ದರು.

ಬೇರೆಯವರ ತಪ್ಪನ್ನು ತಮ್ಮ ಮೇಲೆ ಎಳೆದುಕೊಳ್ಳುವ ಈ ಚಟ ಅವರಿಗೆ ಆಗಿನಿಂದಲೇ ಇತ್ತು. ನೆನೆಸಿಕೊಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಅವರು ನಿಜಕ್ಕೂ ಡಾಕ್ಟರಲ್ಲ. ಕುಮಟೆಯ ಸರಕಾರಿ ದನದ ದವಾಖಾನೆಯಲ್ಲಿ ದೊಡ್ಡ ಡಾಕ್ಟರ ಕೈಕೆಳಗಿನವರು. ಬುಧವಾರ ಬಸ್ಸಿನಲ್ಲಿ ಹೊನ್ನಾವರಕ್ಕೆ ಬರುತ್ತಿದ್ದರು, ಶುಕ್ರವಾರ ಹೊಳೆ ದಾಟಿ ಭಟ್ಕಳಕ್ಕೆ ಹೋಗುತ್ತಿದ್ದರು. ಹೆಗಲಲ್ಲಿ ಖಾಕಿ ಚೀಲ, ಅದರೊಳಗೆ ಸುರುಳಿ ಸುತ್ತಿದ ರಬ್ಬರ್ ನಳಿಗೆ, ಎಣ್ಣೆ ಬಾಟಲಿ, ಗೊರಸು ಕೆರೆಯುವ ಕೊಕ್ಕೆ. ನಮ್ಮ ಬದಿಯವರಿಗೆ ಅವರು ದನದ ಡಾಕ್ಟ್ರು. ಭಟ್ಕಳದ ಟಾಂಗಾದವರು ಮಾತ್ರ ತಮ್ಮ ಮಾತಿನಲ್ಲಿ 'ಸಲೋತ್ರಿ' ಎನ್ನುತ್ತಿದ್ದರು, ಅಂದರೆ ಕುದುರೆ ವೈದ್ಯ. ಆ ಹೆಸರು ಕೇಳಿದಾಗ ಮುಖ ಸ್ವಲ್ಪ ಅರಳುತ್ತಿತ್ತು.

ಆಗ ಶರಾವತಿಗೆ ಇನ್ನೂ ಸೇತುವೆಯಿರಲಿಲ್ಲ. ಕಾಸರಕೋಡಿನಿಂದ ಹೊಳೆ ದಾಟಿ ಬಂದವರನ್ನು ಬಂದರಿನಿಂದ ಪೇಟೆಗೆ, ಬಸ್ಸಿಗೆ ಒಯ್ಯಲು ಟಾಂಗಾಗಳು ಸಾಲಾಗಿ ನಿಲ್ಲುತ್ತಿದ್ದವು. ನಮ್ಮದೂ ಒಂದು. ಗಂಡ ಓಡಿಸುವುದು, ಕುದುರೆಗೆ ಬೇಯಿಸಿ ಹಾಕುವುದು ನಾನು. ಭಟ್ಕಳದಿಂದ ತಂದ ಕೆಂಪು ಹೆಣ್ಣುಕುದುರೆ, ಹೆಸರು ಬಿಜಲಿ. ಹೆಸರಿಗೆ ತಕ್ಕ ಓಟವೇನೂ ಇರಲಿಲ್ಲ, ಆದರೆ ಆ ದಾರಿಯಲ್ಲಿ ಅದರಷ್ಟು ಮರ್ಯಾದಸ್ಥ ಪ್ರಾಣಿ ಮನುಷ್ಯರಲ್ಲೂ ಇರಲಿಲ್ಲ. ನನ್ನ ಗಂಡ ಮನೆಗೆ ಬಂದರೆ ಮೊದಲು ಅದನ್ನು ಕರೆಯುತ್ತಿದ್ದರು, ಆಮೇಲೆ ನನ್ನನ್ನು.

ಡಾಕ್ಟ್ರು ಬಂದರೆ ಮನುಷ್ಯರ ಮುಖ ನೋಡುವ ಮೊದಲು ಕುದುರೆಯ ಕಾಲೆತ್ತುತ್ತಿದ್ದರು. ಗೊರಸಿನ ಸಂದಿಗೆ ಕೊಕ್ಕೆ ಹಾಕಿ, ಬಂದದ್ದನ್ನು ಮೂಸಿ, ನಾತ ಬಂದರೆ ಬೈಗುಳ ಶುರು. "ಇದು ಕಾಲಾ, ಮೀನಿನ ಬುಟ್ಟಿಯಾ?" ಆ ಬೈಗುಳಕ್ಕೆ ದೊಡ್ಡವರು ಸಣ್ಣವರು ಎಂಬ ಭೇದವಿರಲಿಲ್ಲ. ಬೈದು ಮುಗಿದ ಮೇಲೆ ಗಂಡಸರನ್ನು ಅಲ್ಲೇ ಬಿಟ್ಟು ಮನೆಯ ಹಿಂದಿನ ಅಂಗಳಕ್ಕೆ ಬರುತ್ತಿದ್ದರು, ನಮ್ಮ ಹತ್ತಿರ ಮಾತಾಡಲಿಕ್ಕೆ. "ತಿನ್ಸೂದು ನೀವು. ಅವ್ರ ಹತ್ರ ಎಂತಕ್ಕೆ ಹೇಳೂದು?" ಗಂಡಸರಿಗೆ ಇದು ಸೇರುತ್ತಿರಲಿಲ್ಲ. ಹೆಂಗಸರ ಹತ್ತಿರ ಇವನಿಗೆಂತ ಕೆಲಸ ಎಂದು ಗುಸುಗುಸು ಮಾಡುತ್ತಿದ್ದರು. ಕುದುರೆ ಬೆಳಿಗ್ಗೆ ಏನು ತಿಂದಿತು ಎಂದು ಕೇಳಿದರೆ ಅವರಲ್ಲಿ ಒಬ್ಬನಿಗೂ ಉತ್ತರ ಗೊತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಕಾಲಕಾಲಕ್ಕೆ ಒಂದೊಂದು ಪಾಠ. ಮಳೆ ಹಿಡಿಯುವ ಮೊದಲು ಲಾಯದ ನೆಲಕ್ಕೆ ಚಿರೆಕಲ್ಲು ಹಾಸಿ ಎತ್ತರ ಮಾಡಬೇಕು, ಕೆಸರಿನಲ್ಲಿ ನಿಂತ ಗೊರಸು ಕೊಳೆಯುತ್ತದೆ. ಸಮುದ್ರದ ಮರಳಿನ ಮೇಲೆ ಮೇವು ಹಾಕಬಾರದು, ಹುಲ್ಲಿನ ಜೊತೆ ಮರಳು ಹೊಟ್ಟೆ ಸೇರುತ್ತದೆ. ಆಷಾಢದಲ್ಲಿ ಬೂಸಲು ಹಿಡಿದ ಹುಲ್ಲನ್ನು ಬಿಸಿಲಿಗೆ ಕೊಡವಿ ಹಾಕುತ್ತೇನೆ ಎಂದರೆ, "ನೀ ಬೂಸಲು ಅನ್ನ ಕೊಡವಿ ತಿಂತ್ಯಾ?" ಎಂದು ಕೇಳುತ್ತಿದ್ದರು. ಬೇಸಿಗೆಯಲ್ಲಿ ಓಡಿ ಬಂದ ಕುದುರೆಗೆ ಬೆವರು ಆರುವ ಮೊದಲು ಬಕೆಟ್ ಇಡಬಾರದು. ಹುರುಳಿ ಬೇಯಿಸಿ ಆರಿಸಿ, ಅಳತೆ ತಪ್ಪದೆ ಹಾಕಬೇಕು. ಗಾಯಕ್ಕೆ ಸಗಣಿ ಮೆತ್ತಿದರಂತೂ ಅವತ್ತು ಆ ಮನೆಯವರಿಗೆ ಗ್ರಹಚಾರ.

ಎಲ್ಲದರ ಕೊನೆಗೂ ಒಂದೇ ಮಾತು: "ಕುದ್ರೆ ದನ ಅಲ್ಲ ಮಾರಾಯ್ತಿ. ದನಕ್ಕೆ ಹೆಚ್ಚಾದ್ರೆ ಮೆಲುಕು ಹಾಕ್ತದೆ. ಇದಕ್ಕೆ ಮೆಲುಕೂ ಇಲ್ಲ, ಕಕ್ಕೂಕೂ ಬರೂದಿಲ್ಲ. ಒಳಗೆ ಹೋದದ್ದು ಹೋಯ್ತು."

ನಾನು ಕುಮಟೆ ಹತ್ತಿರದ ಬಾಡದವಳು. ತವರಿನಲ್ಲಿ ಕೊಟ್ಟಿಗೆ ತುಂಬ ದನ. ದೀಪಾವಳಿಯ ಗೋಪೂಜೆಯ ದಿನ ದನಗಳಿಗೆ ಮೀಯಿಸಿ, ಅಡಿಕೆ ಹಿಂಗಾರದ ಸರ ಕಟ್ಟಿ, ಕಡುಬು ತಿನ್ನಿಸುವವರೆಗೆ ನಮಗೆ ಒಂದು ತೊಟ್ಟು ಚಾ ಕೂಡ ಇಲ್ಲ. ಗಂಡನ ಮನೆಯಲ್ಲಿ ದನವೇ ಇರಲಿಲ್ಲ. ಮೊದಲೆರಡು ವರ್ಷ ಹಬ್ಬದ ದಿನ ಪಕ್ಕದ ಮನೆಯ ಆಕಳಿಗೆ ಹೋಗಿ ತಿನ್ನಿಸಿ ಬಂದೆ. ಮೂರನೆಯ ವರ್ಷ ಹಟ ಬಂತು. ನಮಗೆ ಅನ್ನ ಹಾಕುವುದು ಬಿಜಲಿ, ಪೂಜೆ ಮಾತ್ರ ಊರವರ ಆಕಳಿಗೇಕೆ?

ಅವತ್ತು ಗಂಡ ಬಂದರಿನ ಗಡಿಬಿಡಿಯಿಲ್ಲವೆಂದು ಪೇಟೆ ಕಡೆ ಹೋಗಿದ್ದರು. ನಾನು ಬಿಜಲಿಯನ್ನು ತೊಳೆದು, ಕುಂಕುಮ ಇಟ್ಟು, ಸರ ಹಾಕಿದೆ. ಸೌತೆಕಾಯಿ ಕಡುಬು ಕೊಟ್ಟೆ, ತಿಂದಿತು. ತವರಿನಿಂದ ಬಂದ ಹೊಸ ಭತ್ತವನ್ನು ಬೆಲ್ಲದ ನೀರಿನಲ್ಲಿ ನೆನೆಸಿ ಇಟ್ಟಿದ್ದೆ, ಒಂದು ದೊಡ್ಡ ಬುಟ್ಟಿ. ಮೂತಿ ಎತ್ತದೆ ಎಲ್ಲವನ್ನೂ ತಿಂದು ನನ್ನ ಸೆರಗು ಮೂಸಿತು. ನನಗೆ ಕಣ್ಣು ತುಂಬಿ ಬಂತು. ಅಷ್ಟು ದಿನ ಆ ಮನುಷ್ಯ ಗಂಟಲು ಹರಿದುಕೊಂಡು ಹೇಳಿದ್ದು ಆ ಹೊತ್ತಿಗೆ ನನ್ನ ತಲೆಯಲ್ಲೇ ಇರಲಿಲ್ಲ.

ಗಂಟೆ ಒಂಬತ್ತಾಗುವಷ್ಟರಲ್ಲಿ ಬಿಜಲಿ ನೆಲ ಕೆರೆಯಲಿಕ್ಕೆ ಶುರು ಮಾಡಿತು. ಹೊಟ್ಟೆಯ ಕಡೆ ತಿರುಗಿ ತಿರುಗಿ ನೋಡುವುದು, ಮಲಗುವುದು, ಏಳುವುದು. ಗಂಡ ಬಂದು ನೋಡಿ ಬಸ್‌ಸ್ಟ್ಯಾಂಡಿಗೆ ಓಡಿದರು, ಕುಮಟೆ ಬಸ್ಸಿನ ಕಂಡಕ್ಟರ್ ಹತ್ತಿರ ಡಾಕ್ಟ್ರಿಗೆ ಸುದ್ದಿ ಕಳಿಸಿದರು. ಹಬ್ಬದ ರಜೆ. ಬರಲಿಕ್ಕಿಲ್ಲ ಎಂದುಕೊಂಡಿದ್ದೆವು. ಮಧ್ಯಾಹ್ನದ ಬಸ್ಸಿನಲ್ಲಿ ಇಳಿದೇ ಬಿಟ್ಟರು, ಹೊಸ ಅಂಗಿ, ಹೆಗಲಿಗೆ ಹೊಸ ಬಿಳಿ ಪಂಚೆ. ಊಟದ ಎಲೆಯಿಂದ ಎದ್ದು ಬಂದವರಂತೆ.

ಬಿಜಲಿಯ ಪಕ್ಕೆಗೆ ಕಿವಿ ಇಟ್ಟು ಕೇಳಿ, ಅಂಗಳದ ಬಾಗಿಲಲ್ಲಿ ನಿಂತಿದ್ದ ನನ್ನ ಹತ್ತಿರ ಬಂದರು.

"ಎಂತ ಹಾಕ್ದೆ ತಂಗಿ? ಖರೇ ಹೇಳು."

ಹಿಂದೆಯೇ ಗಂಡ ನಿಂತಿದ್ದರು. ಅವರ ಮುಖ ಬೂದಿಯಾಗಿತ್ತು.

"ಹುಲ್ಲು ಅಷ್ಟೇ" ಎಂದೆ.

"ಮತ್ತೆಂತದೂ ಇಲ್ಲ?"

"ಇಲ್ಲ."

ನನ್ನ ಮಾತು ನಂಬಿದರು. ನಂಬುವುದು ಅವರ ಪದ್ಧತಿ. ಗಂಡಸರನ್ನು ಬಿಟ್ಟು ನಮ್ಮನ್ನೇ ಕೇಳುತ್ತಿದ್ದದ್ದು ನಾವು ಸರಿಯಾಗಿ ಹೇಳುತ್ತೇವೆಂದೇ. ಒಣಹುಲ್ಲು ಕಟ್ಟಿಕೊಂಡಿದೆ ಎಂದು ಲೆಕ್ಕ ಹಾಕಿ, ಮೂಗಿನಿಂದ ನಳಿಗೆ ಇಳಿಸಿ ಎರಡು ಬಾಟಲಿ ಎಣ್ಣೆ ಹೊಯ್ದರು. ಭತ್ತ ತಿಂದಿದೆಯೆಂದು ನಾನು ಹೇಳಿದ್ದರೆ ಅದೇ ನಳಿಗೆಯಿಂದ ಮೊದಲು ಹೊಟ್ಟೆ ಖಾಲಿ ಮಾಡುತ್ತಿದ್ದರು. ಇದನ್ನು ಆಮೇಲೆ ಅವರೇ ಹೇಳಿದ್ದು, ಬೈಯದೆ, ಪಾಠ ಹೇಳುವ ಹಾಗೆ. ನೆನೆದು ಉಬ್ಬಿದ ಭತ್ತದಿಂದ ಬಿಗಿದಿದ್ದ ಹೊಟ್ಟೆಗೆ ಮತ್ತೆ ಎಣ್ಣೆ ತುಂಬಿಸಿದ ಹಾಗಾಯಿತು.

ಸ್ವಲ್ಪ ಹೊತ್ತು ನಡೆಸಿದರು. ಇದ್ದಕ್ಕಿದ್ದಂತೆ ಬಿಜಲಿ ಒದ್ದಾಟ ನಿಲ್ಲಿಸಿ ಸುಮ್ಮನೆ ನಿಂತಿತು. ಗುಣವಾಯಿತೆಂದು ಗಂಡ ಕೈ ಮುಗಿದರು. ಡಾಕ್ಟ್ರ ಮುಖ ಮಾತ್ರ ಕಪ್ಪಿಟ್ಟಿತು. ಒಳಗೆ ಹೊಟ್ಟೆ ಒಡೆದರೆ ನೋವು ಹಾಗೇ ನಿಲ್ಲುತ್ತದೆಯಂತೆ. ಬಿಜಲಿಯ ಮೈ ತಣ್ಣಗಾಗಿ ಬೆವರು ಇಳಿಯಿತು, ಮೊಣಕಾಲು ಮಡಚಿತು. ಮೂಗಿನಿಂದ ಹುಳಿ ನಾತದ ನೀರು, ಅದರ ಜೊತೆ ಭತ್ತದ ಕಾಳು.

ಡಾಕ್ಟ್ರು ಕಾಳು ನೋಡಿದರು. ನನ್ನನ್ನು ನೋಡಿದರು. ಹೆಗಲ ಮೇಲಿದ್ದ ಹೊಸ ಪಂಚೆ ತೆಗೆದು ಬಿಜಲಿಯ ಮೂಗು, ಬಾಯಿ, ಕೆಳಗಿನ ನೆಲ ಎಲ್ಲ ಒರೆಸಿ, ಪಂಚೆಯನ್ನು ಮಡಚಿ ಚೀಲಕ್ಕೆ ತುರುಕಿದರು. ಬಿಸಿಲು ಇಳಿಯುವ ಮೊದಲೇ ಬಿಜಲಿ ಸತ್ತಿತು.

"ನಿಮ್ಮ ಎಣ್ಣೆ ಹೋದ್ಮೇಲೇ ಸತ್ತದ್ದು!" ಎಂದು ಗಂಡ ಕೂಗಿದರು.

"ಹೌದು" ಎಂದರು ಡಾಕ್ಟ್ರು. "ಎಣ್ಣೆ ಹೊಯ್ದದ್ದು ತಪ್ಪಾಯ್ತು."

ಸಣ್ಣದಕ್ಕೆಲ್ಲ ಊರು ಕೇಳುವ ಹಾಗೆ ಕೂಗುವ ಮನುಷ್ಯ, ಕೂಗಬೇಕಾದ ದಿನ ಬಾಯಿಗೆ ಬೀಗ ಹಾಕಿಕೊಂಡರು. ನನಗೆ ಸಿಟ್ಟು ಬರದೆ ಇನ್ನೇನು ಬರಬೇಕು?

ಬಂದರಿನ ಟಾಂಗಾದವರಿಗೆ ಇಷ್ಟು ಸಾಕಿತ್ತು. ವರ್ಷಗಟ್ಟಲೆ ತಿಂದ ಬೈಗುಳದ ಸೇಡು. ದನದ ಡಾಕ್ಟ್ರು ಕುದುರೆ ಕೊಂದ ಎಂದು ಮೇಲಿನವರಿಗೆ ಅರ್ಜಿ ಕೊಡುವುದೆಂದಾಯಿತು. ಅವರಲ್ಲಿ ಬರೆಯಲು ಬರುವವರು ಯಾರೂ ಇರಲಿಲ್ಲ. ನಾನು ಮುಲ್ಕಿ ಪರೀಕ್ಷೆ, ಅಂದರೆ ಏಳನೆಯ ಇಯತ್ತೆ ಪಾಸಾದವಳು, ಅಕ್ಷರ ದುಂಡಗೆ. ಕಾಗದ ತಂದು ನಮ್ಮ ಜಗುಲಿಯಲ್ಲಿ ಇಟ್ಟರು. ಅವರು ಹೇಳಿದರು, ನಾನು ಬರೆದೆ. 'ಸದರಿ ನೌಕರನು ಬೇಜವಾಬ್ದಾರಿಯಿಂದ' ಎಂದು ನನ್ನದೇ ಕೈಯಲ್ಲಿ ಬರೆದೆ. ಒಂದೊಂದಾಗಿ ಹೆಬ್ಬೆಟ್ಟು ಬಿದ್ದವು, ಮೊದಲನೆಯದು ನನ್ನ ಗಂಡನದು. ಭಟ್ಕಳಕ್ಕೂ ಕಳಿಸಿದರು. ಅಲ್ಲಿ ಒಬ್ಬನೂ ಸಹಿ ಹಾಕಲಿಲ್ಲ, ಕಾಗದ ತಂದವನಿಗೆ ಚಾ ಕೊಟ್ಟು ಹಾಗೇ ವಾಪಸು ಕಳಿಸಿದರಂತೆ.

ಕುಮಟೆಯಲ್ಲಿ ವಿಚಾರಣೆ ನಡೆಯಿತು. ಕುದುರೆ ಏನು ತಿಂದಿತ್ತು ಎಂದು ಸಾಹೇಬರು ಕೇಳಿದಾಗ ಡಾಕ್ಟ್ರು ಹೇಳಿದ್ದು ಒಂದೇ: "ನನ್ನ ಅಂದಾಜು ತಪ್ಪಿತು." ಘಟ್ಟದ ಮೇಲಿನ ಒಂದು ಊರಿಗೆ ವರ್ಗ ಮಾಡಿದರು. ಅಲ್ಲಿ ಕುದುರೆಗಳಿರಲಿಲ್ಲ. ಪ್ರಾಣಿಗಳನ್ನು ಮುಟ್ಟುವ ಕೆಲಸವೂ ಇಲ್ಲ, ಉಗ್ರಾಣದಲ್ಲಿ ಔಷಧದ ಬಾಟಲಿ ಕಾಯುವುದು.

ಹೋಗುವ ಮೊದಲಿನ ಬುಧವಾರ ನಮ್ಮ ಹಿಂದಿನ ಅಂಗಳಕ್ಕೆ ಬಂದರು. ಗಂಡ ಇರಲಿಲ್ಲ. ನಾನು ಅಳಲಿಲ್ಲ, ಜಗಳಕ್ಕೇ ನಿಂತೆ.

"ಹೇಳೂಕೆ ಎಂತ ಆಗಿತ್ತು ನಿಮ್ಗೆ? ನನ್ನ ಹೆಸರು ಹೇಳ್ಬಹುದಿತ್ತಲ್ಲ?"

"ನೀ ಪ್ರೀತಿಯಿಂದ ಹಾಕಿದ್ದು ತಂಗಿ. ದನ ಆಗಿದ್ರೆ ತಿಂದು ಮಲಗ್ತಿತ್ತು."

"ನಿಮ್ಮ ಕೆಲಸ ಹಾಳಾಯ್ತಲ್ಲ!"

ಅವರು ಖಾಲಿ ಲಾಯದ ಕಡೆ ನೋಡುತ್ತ ಹೇಳಿದರು: "ನಂಗೆ ಬೇರೆ ಊರು ಸಿಗ್ತದೆ. ನಿಂಗೆ ಬೇರೆ ಮನೆ ಸಿಗ್ತದಾ?"

ಮುಂದಿನ ಕುದುರೆ ಬಂದರೆ ಹಬ್ಬಕ್ಕೆ ಒಂದು ಹಿಡಿ ಗರಿಕೆ ಕೊಡು ಸಾಕು ಎಂದು ಹೇಳಿ, ನಿತ್ಯದ ಹಾಗೆ ಚೀಲ ಏರಿಸಿಕೊಂಡು ಬಸ್ಸಿಗೆ ಹೋದರು.

ನಾಲ್ಕು ವರ್ಷದ ನಂತರ ಭಟ್ಕಳದ ಟಾಂಗಾದವನೊಬ್ಬ ನಮ್ಮ ಬಾಗಿಲಿಗೆ ಬಂದ. "ಸಲೋತ್ರಿ ಹೋದ್ರು ಬೆಹೆನ್" ಎಂದ. ಜ್ವರವಂತೆ. ಭಟ್ಕಳದ ಟಾಂಗಾದವರು ನಾಲ್ಕೈದು ಮಂದಿ ಘಟ್ಟ ಹತ್ತಿ ಹೋಗಿ ಮಣ್ಣಿಗೆ ನಿಂತಿದ್ದರಂತೆ. ಹೊನ್ನಾವರದಿಂದ ಒಂದು ನಾಯಿಯೂ ಹೋಗಿರಲಿಲ್ಲ.

ಅವತ್ತು ಸಂಜೆ ಗಂಡನಿಗೆ ಎಲ್ಲ ಹೇಳಿದೆ. ಕಡುಬು, ಭತ್ತ, ಸುಳ್ಳು, ಎಲ್ಲ. ಹೊಡೆಯಲಿ, ತವರಿಗೆ ಅಟ್ಟಲಿ ಎಂದು ಗಟ್ಟಿ ಮನಸ್ಸು ಮಾಡಿಯೇ ಹೇಳಿದೆ. ಅವರು ಬೀಡಿ ಹಚ್ಚಿಕೊಂಡರು.

"ಗೊತ್ತಿತ್ತು."

"ಎಂತದು?"

"ಭತ್ತ. ಆ ಡಾಕ್ಟ್ರು ಒರೆಸೂದು ನಾ ಕಾಣ್ಲಿಲ್ಲಾ? ನಾ ಎಂತ ಕುರುಡ?"

"ಮತ್ತೆ ಹೆಬ್ಬೆಟ್ಟು ಎಂತಕ್ಕೆ ಒತ್ತಿದ್ರಿ?"

"ಕುದ್ರೆ ಯಜಮಾನ ಒತ್ತದೇ ಇದ್ರೆ ಜನ ಎಂತಕ್ಕೆ ಅಂತ ಕೇಳ್ತಿದ್ರು. ನಿನ್ನ ಹೆಸರು ಹೇಳೂಕಾಗ್ತಿತ್ತಾ?" ಬೀಡಿಯ ಬೂದಿ ಕೊಡವಿ, "ನಿನ್ನ ಹೊರಗೆ ಹಾಕ್ತಿದ್ನಾ ನಾನು, ಒಂದು ಕುದ್ರೆಗೆ?" ಎಂದರು.

ಹಾಗಾದರೆ ಡಾಕ್ಟ್ರ ಅಂದಾಜು ನಿಜಕ್ಕೂ ತಪ್ಪಿದ್ದು ಒಂದೇ ಕಡೆ, ನನ್ನ ಗಂಡನ ವಿಷಯದಲ್ಲಿ. ನನ್ನದೂ ಅಲ್ಲೇ ತಪ್ಪಿತ್ತು. ಇಬ್ಬರು ಗಂಡಸರು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ನನ್ನನ್ನು ಉಳಿಸಿದರು. ಉಳಿಸಿ ಎಂದು ನಾನು ಯಾರ ಕಾಲಿಗೂ ಬಿದ್ದಿರಲಿಲ್ಲ. ಬೇಡ ಎಂದು ಬಾಯಿ ಬಿಟ್ಟವಳೂ ಅಲ್ಲ. ಆ ಸಿಟ್ಟು ಡಾಕ್ಟ್ರ ಮೇಲೆ, ಗಂಡನ ಮೇಲೆ, ಬಂದರಿನವರ ಮೇಲೆ ಒಂದೊಂದು ಸುತ್ತು ಹಾಕಿ, ಎಲ್ಲೂ ನಿಲ್ಲಲಾಗದೆ ಕೊನೆಗೆ ನನ್ನ ಹತ್ತಿರವೇ ಬರುತ್ತದೆ.

ಈಗ ಗಂಡನೂ ಇಲ್ಲ, ಟಾಂಗಾಗಳೂ ಇಲ್ಲ, ಅರ್ಜಿ ತೆಗೆದುಕೊಂಡ ಸಾಹೇಬರೂ ಇಲ್ಲ. ಓದಿ ತೀರ್ಪು ಕೊಡುವವರು ಯಾರೂ ಉಳಿದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಭತ್ತ ಹಾಕಿದವಳು ನಾನು. ಕೇಳಿದಾಗ ಇಲ್ಲ ಎಂದವಳು ನಾನು. ಆ ನೌಕರರ ತಪ್ಪು ಏನೂ ಇರಲಿಲ್ಲ.