ಕಾಜಕ್ಕನ ಸಮೀಕ್ಷೆ

ಮೂವತ್ತೆಂಟನೇ ವಯಸ್ಸಿಗೆ ಕಾಜಕ್ಕ ಸಂಜೆ ಕಾಲೇಜು ಸೇರಿ, ಹನ್ನೆರಡನೇ ತರಗತಿಗೆ ಸಮಾಜಶಾಸ್ತ್ರ ತೆಗೆದುಕೊಂಡಾಗ ದರ್ಜಿಗಳ ಬೀದಿಯಲ್ಲಿ ನಗದವರಿಲ್ಲ. ನಾದಿನಿ ಮೂಗು ಮುರಿದಳು. ಲೆಕ್ಕ ತಲೆಗೆ ಹತ್ತದವರು ಓದುವ ವಿಷಯ ಅದು ಎಂದು ಎದುರುಮನೆಯ ಇಸ್ತ್ರಿಯವನು ತೀರ್ಪು ಕೊಟ್ಟ, ತಾನೇನೋ ಲೆಕ್ಕದಲ್ಲಿ ಕಡಿದು ಕಟ್ಟೆ ಹಾಕಿದವನ ಹಾಗೆ. ಕಾಜಕ್ಕ ಕಿವಿಗೇ ಹಾಕಿಕೊಳ್ಳಲಿಲ್ಲ. ಗಂಡನ ಅಂಗಡಿಯ ಅಂಗಿಗಳಿಗೆ ಇಪ್ಪತ್ತು ವರ್ಷ ಕಾಜ ಹೊಲಿದು, ಗುಂಡಿ ಹಚ್ಚಿ, ಸ್ವಂತ ಹೆಸರೇ ಜನಕ್ಕೆ ಮರೆತುಹೋಗಿದ್ದ ಹೆಂಗಸು ಅವಳು. ಈಗ ಯಾರ ಅಪ್ಪಣೆ ಕೇಳಬೇಕಿತ್ತು?

ಮೇಷ್ಟ್ರು ಅವಳಿಗಿಂತ ಹತ್ತು ವರ್ಷ ಚಿಕ್ಕವರು, ಬಲು ಕಟ್ಟುನಿಟ್ಟು. ಅಚ್ಚು ಹಾಕಿಸಿದ ಹಾಳೆಗಳನ್ನು ಕೈಗಿಟ್ಟು, ನಿಮ್ಮ ಬೀದಿಯ ನಲವತ್ತು ಮನೆಗಳ ಸಮೀಕ್ಷೆ ಮಾಡಿ ತನ್ನಿ ಎಂದರು. ಅಚ್ಚಾದ ಪ್ರಶ್ನೆಯನ್ನೇ ಕೇಳಬೇಕು, ಅವರು ಹೇಳಿದ್ದನ್ನೇ ಬರೆಯಬೇಕು. ಸ್ವಂತ ಮನೆಯ ಹಾಳೆಗೆ ಮಾತ್ರ ಮನೆಯ ಬೇರೊಬ್ಬರು ಉತ್ತರ ಕೊಡಬೇಕು. ಸಮೀಕ್ಷೆಗೆ ಮೇಷ್ಟ್ರ ಸಹಿ ಬೀಳದಿದ್ದರೆ ಪರೀಕ್ಷೆಗೆ ಕೂರುವ ಹಾಗಿಲ್ಲ.

ಕಾಜಕ್ಕ ಮನೆಮನೆ ಹೊಕ್ಕಳು. ಗಂಡಸರ ಉದ್ಯೋಗ ದರ್ಜಿ. ಹೆಂಗಸರ ಉದ್ಯೋಗ? ಮೊದಲನೇ ಮನೆಯವಳು ಮಡಿಲ ತುಂಬ ಪ್ಯಾಂಟು ಹರವಿಕೊಂಡು, ಹಲ್ಲಿನಲ್ಲಿ ದಾರ ಕಡಿಯುತ್ತಾ ಹೇಳಿದಳು, ಏನೂ ಇಲ್ಲ. ಎರಡನೆಯವಳು ಗುಂಡಿ ಹಚ್ಚುತ್ತಲೇ ಹೇಳಿದಳು, ಏನೂ ಇಲ್ಲ. ಹದಿನಾಲ್ಕನೇ ಮನೆಯ ಹೊತ್ತಿಗೆ ಕಾಜಕ್ಕನಿಗೆ ಮೈಯೆಲ್ಲ ಉರಿದುಹೋಯಿತು, ಅವರ ಮೇಲಲ್ಲ, ತನ್ನ ಮೇಲೆ. ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ ಉದ್ಯೋಗದ ಎದುರು ತಾನೂ ಅದನ್ನೇ ಬರೆದು ಬಂದಿದ್ದಳಲ್ಲ!

ಅಚ್ಚಾದ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಮತ್ತೆ ಮೊದಲನೇ ಮನೆಯಿಂದ ಬೇರೆಯೇ ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಾ ಬಂದಳು. ನಿನ್ನೆ ಎದ್ದಾಗಿನಿಂದ ಮಲಗೋವರೆಗೆ ಏನೇನು ಮಾಡಿದಿರಿ? ಹೆಂಗಸರು ಬೆರಳು ಮಡಚುತ್ತಾ ಹೇಳತೊಡಗಿದರು. ಹೇಳುತ್ತಾ ಹೇಳುತ್ತಾ ಎರಡೂ ಕೈಯ ಬೆರಳು ಸಾಲದೆ ಹೋದವು. ಹೊಲಿಗೆ ಯಂತ್ರ ತುಳಿಯುವುದೊಂದನ್ನು ಬಿಟ್ಟು ಅಂಗಿಯ ಉಳಿದ ಕೆಲಸವೆಲ್ಲ ತಮ್ಮದೇ ಎಂದು ಅವರಿಗೂ ಅವತ್ತೇ ಗೊತ್ತಾದದ್ದು.

ಮೇಷ್ಟ್ರು ಒಪ್ಪಲಿಲ್ಲ. ಪ್ರಶ್ನೆ ಬದಲಾಯಿಸಿದ ಸಮೀಕ್ಷೆ ಸಮೀಕ್ಷೆಯೇ ಅಲ್ಲ ಎಂದು ಹಾಳೆಗಳನ್ನು ಹಿಂದಕ್ಕೆ ಕೊಟ್ಟರು. ಸೋಮವಾರದೊಳಗೆ ಸರಿಯಾಗಿ ಮಾಡಿ ತರದಿದ್ದರೆ ಪರೀಕ್ಷೆಯ ಆಸೆ ಬಿಟ್ಟುಬಿಡಿ ಎಂದೂ ಸೇರಿಸಿದರು. ಏನೂ ಇಲ್ಲ ಅಂತ ಬರೆದು ಬಿಸಾಕು, ಪಾಸಾಗು ಎಂದ ಗಂಡ. ಇಪ್ಪತ್ತು ವರ್ಷದಲ್ಲಿ ಅವನು ಕೊಟ್ಟ ಅತಿ ಸುಲಭದ ಸಲಹೆ ಅದು, ಕಾಜಕ್ಕನಿಗೆ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಹೊಸ ಹಾಳೆ ಹಿಡಿದು ಮತ್ತೆ ಮೊದಲನೇ ಮನೆಗೆ ಹೋದಳು. ಅಚ್ಚಾದ ಪ್ರಶ್ನೆಯನ್ನೇ ಓದಿದಳು, ಒಂದಕ್ಷರ ಆಚೀಚೆ ಮಾಡದೆ. ಮನೆಯ ಹೆಂಗಸಿನ ಉದ್ಯೋಗ?

"ದರ್ಜಿ ಕೆಲಸ," ಎಂದಳು ಪ್ಯಾಂಟಿನವಳು. "ದಪ್ಪಗೆ ಬರ್ಕೊ."

ಹಾಗೇ ಮೂವತ್ತೊಂಬತ್ತು ಮನೆ ಮುಗಿಯಿತು. ಯಾರೊಬ್ಬರ ಬಾಯಲ್ಲೂ ಏನೂ ಇಲ್ಲ ಎಂಬ ಮಾತು ಬರಲಿಲ್ಲ. ಉಳಿದದ್ದು ತನ್ನದೇ ಮನೆ, ಉತ್ತರ ಕೊಡಬೇಕಾದವನು ಗಂಡ. ಅಂಗಡಿಗೆ ಹೋಗಿ ಪ್ರಶ್ನೆ ಓದಿದಳು. ಅವನು ಯಂತ್ರ ನಿಲ್ಲಿಸಲೂ ಇಲ್ಲ. ಬೀದಿಯ ಹೆಂಗಸರೆಲ್ಲ ದರ್ಜಿಗಳಾದರೆ ಗಂಡಸರೇನು ಬಳೆ ತೊಟ್ಟುಕೊಳ್ಳಬೇಕೇ ಎಂದು ಗೊಣಗಿದ.

"ಏನೂ ಇಲ್ಲ. ಬರ್ಕೊ."

ಕಾಜಕ್ಕನ ಕಣ್ಣಲ್ಲಿ ನೀರು ತುಂಬಿತು. ಆದರೂ ಅವನು ಹೇಳಿದ್ದನ್ನೇ ಬರೆದಳು. ನಿಯಮ ಎಂದರೆ ನಿಯಮ. ಆಮೇಲೆ ಮನೆಗೆ ಹೋಗಿ, ಸೋಮವಾರಕ್ಕೆ ಕೊಡಬೇಕಿದ್ದ ಶಾಲೆಯ ಸಮವಸ್ತ್ರದ ಅಂಗಿಗಳನ್ನೆಲ್ಲ ಬಾಚಿ ತಂದು, ಸೂಜಿ, ದಾರ, ಗುಂಡಿಯ ಡಬ್ಬದ ಸಮೇತ ಅವನ ಮುಂದೆ ಇಟ್ಟಳು.

"ನಿಮ್ಮ ಮಾತು ಸುಳ್ಳಾಗಬಾರ್ದಲ್ಲಾ ರೀ, ಅದಕ್ಕೆ," ಎಂದಳು.

ಭಾನುವಾರ ಮಧ್ಯಾಹ್ನದವರೆಗೆ ಅವನು ಬಿಗುಮಾನದಲ್ಲೇ ಇದ್ದ. ಬೇರೆ ಮನೆಯ ಹೆಂಗಸರನ್ನು ಕೇಳಿ ನೋಡಿದ, ಅವರಿಗೆಲ್ಲ ಅವತ್ತೇ ಪುರುಸೊತ್ತಿರಲಿಲ್ಲ. ತಾನೇ ಕೂತು ಸಂಜೆಯೊಳಗೆ ಮೂರು ಅಂಗಿ ಮುಗಿಸಿದ. ಕಾಜಗಳು ಒಂದೊಂದು ಒಂದೊಂದು ದಿಕ್ಕಿಗೆ ಬಾಯಿ ಬಿಟ್ಟುಕೊಂಡಿದ್ದವು. ಕೊನೆಗೆ ಮನೆಗೆ ಬಂದು, ಆ ಕಾಗದ ತಾ, ತಿದ್ದಿ ಬರೆಸ್ತೀನಿ ಎಂದ. ತಿದ್ದಿದ ಹಾಳೆ ಮೇಷ್ಟ್ರಿಗೆ ಆಗುವುದಿಲ್ಲ ಎಂದು ಕಾಜಕ್ಕ ಪುಸ್ತಕದಿಂದ ತಲೆ ಎತ್ತದೆ ಹೇಳಿದಳು.

ಸೋಮವಾರ ಮೇಷ್ಟ್ರು ಹಾಳೆ ಹಾಳೆಯನ್ನೂ ನೋಡಿದರು. ಪ್ರಶ್ನೆ ಅದೇ. ತಪ್ಪು ಹಿಡಿಯಲು ಎಲ್ಲೂ ಸಿಗಲಿಲ್ಲ. ನಲವತ್ತನೆಯದರಲ್ಲಿ ಪೆನ್ನು ನಿಂತಿತು.

"ಇದು ನಿಮ್ಮನೇದೇ ಅಲ್ವಾ? ಬೀದೀಲಿ ನಿಮಗೊಬ್ಬರಿಗೇ ಕೆಲಸ ಇಲ್ವಾ? ತಪ್ಪಾಗಿದ್ರೆ ಪಕ್ಕದಲ್ಲಿ ಸಹಿ ಮಾಡಿ ತಿದ್ದಿ, ನಾನು ಒಪ್ಕೋತೀನಿ."

"ತಿದ್ದೋದೇನೂ ಇಲ್ಲ ಸಾರ್," ಎಂದಳು ಕಾಜಕ್ಕ. "ಸರಿಯಾಗೇ ಇದೆ. ಶನಿವಾರದಿಂದ ನಾನು ಏನೂ ಮಾಡ್ತಿಲ್ಲ."

ಮೇಷ್ಟ್ರು ಅವಳ ಮುಖ ನೋಡಿದರು, ಸಹಿ ಹಾಕಿದರು.