ವಂದನಾರ್ಪಣೆ ಮಾಡದೆ ಹೊರಟ ಗುಂಡಣ್ಣ

ಊರಿಗೆಲ್ಲ ಅವನು ಗುಂಡಣ್ಣ. ಹೆಸರು ಕೇಳಿ ಬಂದವರು ದಪ್ಪ ಆಸಾಮಿಯೊಬ್ಬನನ್ನು ಹುಡುಕುತ್ತಿದ್ದರು. ಗಲ್ಲಾದ ಹಿಂದೆ ಕೂತವನೋ ಗಾಳದ ಕೋಲಿನಷ್ಟು ಸಣ್ಣ. ದೊಡ್ಡ ಕೆರೆಯ ದಂಡೆಯಲ್ಲಿ ಅವನದು ಗಾಳ, ದಾರ, ಎರೆಹುಳ ಮಾರುವ ಅಂಗಡಿ. ದಾರ ಮುಳುಗಲೆಂದು ಕಟ್ಟುವ ಸೀಸದ ಗುಂಡುಗಳನ್ನು ಮಾತ್ರ ಅವನು ಎಂದೂ ಹೊರಗಿನಿಂದ ತರಿಸಿದವನಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಅಪ್ಪ ಬಿಟ್ಟುಹೋದ ಕಬ್ಬಿಣದ ಅಚ್ಚಿನಲ್ಲಿ, ತಾನೇ ಎರಕ ಹೊಯ್ಯುತ್ತಿದ್ದ. ಅಚ್ಚು ಒಂದು ಕಡೆ ಮುಕ್ಕಾಗಿದ್ದರಿಂದ ಪ್ರತಿ ಗುಂಡಿನ ಮೇಲೂ ನರಹುಲಿಯಂಥ ಒಂದು ಉಬ್ಬು ಉಳಿಯುತ್ತಿತ್ತು. ಬೇರೆಯವರಾಗಿದ್ದರೆ ಅಚ್ಚು ಬದಲಿಸುತ್ತಿದ್ದರು. ಇವನು ಅದು ನಮ್ಮ ಮನೆತನದ ಮುದ್ರೆ ಎಂದು ಕೊಚ್ಚಿಕೊಳ್ಳುತ್ತಿದ್ದ.

ಗುಂಡಿನ ನಡುವಿನ ಸೀಳಿನಲ್ಲಿ ದಾರ ಕೂರಿಸಿ ಅದುಮಬೇಕು. ಇಕ್ಕಳ ಕೈಗೆಟಕುವಲ್ಲೇ ನೇತಾಡುತ್ತಿದ್ದರೂ ಗುಂಡಣ್ಣನದು ಹಲ್ಲಿನ ಕೆಲಸ. ನಾಲ್ಕಾರು ಗುಂಡುಗಳನ್ನು ದವಡೆಗೆ ಒತ್ತರಿಸಿಕೊಂಡು, ಒಂದೊಂದನ್ನೇ ಮುಂದಕ್ಕೆ ತಂದು ಕಚ್ಚುತ್ತ, ನಡುವೆ ಗಿರಾಕಿಗಳ ಜೊತೆ ಹರಟೆಯನ್ನೂ ಹೊಡೆಯುತ್ತಿದ್ದ. ಅವನ ಮಗಳ ಮಗಳು, ಹಾಲುಹಲ್ಲು ಉದುರುವ ವಯಸ್ಸಿನ ಪುಟ್ಟಿ, ಶಾಲೆ ಬಿಟ್ಟೊಡನೆ ಪಕ್ಕದಲ್ಲಿ ಬಂದು ಕೂತು ಕಣ್ಣರಳಿಸಿ ನೋಡುತ್ತಿದ್ದಳು. ನೂಲಿನಂತೆ ಸೀರೆ, ತಾತನಂತೆ ಮೊಮ್ಮಗಳು ಎಂದು ಗಾದೆಯನ್ನೇ ತಿರುಚಿ ಅವನು ಹಿಗ್ಗುತ್ತಿದ್ದ.

ಆ ಕೆರೆಯಲ್ಲಿ ಮುಳುಗಿ ಮೀನು ಹಿಡಿಯುವ ಕಪ್ಪುಬಿಳುಪು ಹಕ್ಕಿಗಳಿದ್ದವು. ಒಂದು ಕೂಗಿದರೆ ಆಚೆ ದಂಡೆಯಿಂದ ಇನ್ನೊಂದು ಓಗೊಡುತ್ತಿತ್ತು. ಅಂಗಡಿ ಮುಚ್ಚಿ ಬಂದ ಗುಂಡಣ್ಣ ಗೇಟಿನಲ್ಲಿ ನಿಂತು ಹಾಗೆಯೇ ಕೂಗುವುದು, ಪುಟ್ಟಿ ಒಳಗಿನಿಂದ ಓಗೊಡುವುದು, ಆಮೇಲೆಯೇ ಚಪ್ಪಲಿ ಬಿಡುವುದು. ಇದು ಆ ಮನೆಯ ನಿತ್ಯದ ಆಟ.

ಊರಿನ ಸೇವಾ ಕ್ಲಬ್ಬಿನಲ್ಲಿ ವಂದನಾರ್ಪಣೆ ಅವನ ಪಾಲಿಗೆ ಬಂದ ಖಾಯಂ ಹುದ್ದೆ. ಅತಿಥಿಯ ಭಾಷಣಕ್ಕಿಂತ ಇವನ ವಂದನೆಯೇ ಉದ್ದ ಎಂದು ಸದಸ್ಯರು ಗೊಣಗಿದರೂ ನಗುವುದಕ್ಕೆಂದೇ ಕೂತಿರುತ್ತಿದ್ದರು. ಆ ಮಧ್ಯಾಹ್ನ ಬಂದ ಅತಿಥಿ, ಹಕ್ಕಿಗಳಿಗೆ ಚಿಕಿತ್ಸೆ ಕೊಡುವ ಪಶುವೈದ್ಯೆ. ನಿಮ್ಮ ಕೆರೆಯ ಆ ಕಪ್ಪುಬಿಳುಪು ಮುಳುಗುಹಕ್ಕಿಯನ್ನೇ ನೋಡಿ ಎಂದು ಶುರುಮಾಡಿದಳು. ಹಲ್ಲಿಲ್ಲದ ಜೀವ, ಹೊಟ್ಟೆಯೊಳಗೆ ಮೀನಿನ ಮುಳ್ಳು ಅರೆಯಲು ಸಣ್ಣ ಕಲ್ಲು ನುಂಗುತ್ತದೆ. ಕಲ್ಲೆಂದು ತಿಳಿದು ಗಾಳದ ಗುಂಡನ್ನೂ ನುಂಗುತ್ತದೆ. ಸೀಸ ಹೊಟ್ಟೆಯಲ್ಲಿ ಕರಗಿ ರಕ್ತಕ್ಕಿಳಿಯುತ್ತದೆ. ಮೊದಲು ಮೇವು ಬೇಡವಾಗುತ್ತದೆ, ಆಮೇಲೆ ಕತ್ತು ಜೋಲುತ್ತದೆ, ಕೊನೆಗೆ ಕೂಗು ನಿಲ್ಲುತ್ತದೆ. ಸಾಯಲು ಒಂದೇ ಗುಂಡು ಸಾಕು ಎಂದಳು.

ಸತ್ತ ಹಕ್ಕಿಯಿಂದ ತೆಗೆದ ಗುಂಡನ್ನು ಗಾಜಿನ ಶೀಶೆಯಲ್ಲಿ ಹಾಕಿ ತಂದಿದ್ದಳು. ಅದು ಕೈಯಿಂದ ಕೈಗೆ ದಾಟುತ್ತ ಗುಂಡಣ್ಣನ ಬಳಿಗೆ ಬಂತು. ಸವೆದಿದ್ದರೂ ಉಬ್ಬು ಹಾಗೇ ಇತ್ತು. ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ, ಆದರೂ ಅವನು ಹೆಗಲು ಮುಟ್ಟಿ ನೋಡಿಕೊಂಡ. ಶೀಶೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಅಕ್ಕಪಕ್ಕ ಕಣ್ಣಾಡಿಸಿದ.

ಆ ಭಯವನ್ನು ನುಂಗುವ ಇನ್ನೊಂದು ಭಯ ಆಗ ಎದ್ದಿತು. ಪುಟ್ಟಿ ಈಚೆಗೆ ತಟ್ಟೆ ದೂಡುತ್ತಿದ್ದಳು. ಹೊಟ್ಟೆನೋವು ಎಂದು ಮುದುಡಿ ಮಲಗುತ್ತಿದ್ದಳು. ಜಂತುಹುಳ ಇರಬೇಕೆಂದು ಔಷಧಿಯನ್ನೂ ಕುಡಿಸಿದ್ದರು. ಅದಕ್ಕೂ ಮೊದಲು ಒಂದು ದಿನ ಅವಳು ಅಂಗಡಿಯ ಹಿಂದಿನ ಕೋಣೆಯಿಂದ ಅಳುತ್ತ ಬಂದು, ನುಂಗಿಬಿಟ್ಟೆ ಎಂದಿದ್ದಳು. ಮುಂದಿನ ಹಲ್ಲಿನ ಜಾಗ ಖಾಲಿಯಿತ್ತು. ಹಲ್ಲು ನುಂಗಿದಳೆಂದು ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಹೊಟ್ಟೆಯಲ್ಲಿ ಹಲ್ಲಿನ ಗಿಡ ಹುಟ್ಟುತ್ತೆ ಎಂದು ರೇಗಿಸಿದವನು ಗುಂಡಣ್ಣನೇ. ಮಾರನೆಯ ದಿನ ಮಗಳು ಆ ಕೋಣೆಯ ಕಸ ಗುಡಿಸುವಾಗ ಆ ಹಲ್ಲು ಸಿಕ್ಕಿತು. ಹಲ್ಲು ಇಲ್ಲಿದ್ದರೆ ಮಗು ನುಂಗಿದ್ದೇನು ಎಂದು ಯಾರೊಬ್ಬರೂ ಕೇಳಲಿಲ್ಲ.

ವಂದನಾರ್ಪಣೆಗೆ ಕರೆದಾಗ ಎದ್ದು ನಿಂತ. ಜನ ಆಗಲೇ ನಗಲು ಸಿದ್ಧವಾಗಿದ್ದರು.

"ಇದು ಮನುಷ್ಯರ ಹೊಟ್ಟೆಗೆ ಹೋದ್ರೆ?" ಎಂದ.

ಎಲ್ಲರೂ ಗೊಳ್ಳೆಂದರು. ಪಶುವೈದ್ಯೆ ನಗಲಿಲ್ಲ.

"ಮಗುನಾ?" ಎಂದು ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. "ಹಾಗಾದ್ರೆ ಇಲ್ಲಿ ನಿಲ್ಬೇಡಿ. ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ."

ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದ. ಗೇಟಿನಲ್ಲಿ ನಿಂತು ಕೂಗಿದ. ಒಳಗಿನಿಂದ ಉತ್ತರ ಬರಲಿಲ್ಲ. ಮತ್ತೆ ಕೂಗಿದ, ಧ್ವನಿ ಒಡೆದು ಅದು ಹಕ್ಕಿಯ ಕೂಗಾಗಿ ಉಳಿಯಲಿಲ್ಲ. ಮಗಳು ಬಾಗಿಲಿಗೆ ಬಂದು, ಮೆಲ್ಲಗೆ ಕೂಗು ಅಪ್ಪ, ಪುಟ್ಟಿ ಬೆಳಗ್ಗೆಯಿಂದ ಮಲಗೇ ಇದಾಳೆ ಎಂದಳು. ಗುಂಡಣ್ಣ ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ ಅವಳನ್ನು ಎತ್ತಿಕೊಂಡ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ಹಾಳೆಯನ್ನು ದೀಪದ ಹಲಗೆಗೆ ಸಿಕ್ಕಿಸಿದರು. ಎಳೆಯ ಪಕ್ಕೆಲುಬುಗಳ ಕೆಳಗೆ ಒಂದು ಬಿಳಿ ಚುಕ್ಕೆ. ಅದರ ಅಂಚಿನಲ್ಲಿ ಒಂದು ಉಬ್ಬು. ಇದೇನು ಗೊತ್ತೇ ಎಂದು ಡಾಕ್ಟರು ಕೇಳಿದಾಗ ಮಗಳು ತಂದೆಯ ಮುಖ ನೋಡಿದಳು.

"ನಂದೇ," ಎಂದ ಗುಂಡಣ್ಣ.

ಹೊರಗೆ ತೆಗೆಯುವುದು ಕಷ್ಟವಲ್ಲ, ಇವತ್ತೇ ತೆಗೆಯುತ್ತೇವೆ ಎಂದರು ಡಾಕ್ಟರು. ಇಷ್ಟರೊಳಗೆ ರಕ್ತಕ್ಕೆ ಎಷ್ಟು ಇಳಿದಿದೆ, ತಲೆಯವರೆಗೆ ಹೋಗಿದೆಯೋ ಏನೋ, ಅದನ್ನು ಮಾತ್ರ ಈಗಲೇ ಹೇಳುವಂತಿಲ್ಲ. ಅದು ಹೊಟ್ಟೆಯಲ್ಲಿ ಎಷ್ಟು ಕಾಲ ಇತ್ತು ಎನ್ನುವುದರ ಮೇಲೆ ನಿಂತಿದೆ. ಯಾವಾಗ ನುಂಗಿದ್ದು ಎಂದು ಕೇಳಿದರು.

ಗುಂಡಣ್ಣ ಪುಟ್ಟಿಯ ಬಾಯಿಯ ಕಡೆ ನೋಡಿದ. ಅಂದು ಖಾಲಿಯಿದ್ದ ಜಾಗದಲ್ಲಿ ಹೊಸ ಹಲ್ಲು ಆಗಲೇ ಅರ್ಧ ಮೇಲೆದ್ದಿತ್ತು.

"ನಿನ್ನ ಥರಾನೇ ಕಚ್ಚಿದೆ ತಾತ," ಎಂದಳು ಪುಟ್ಟಿ, ಕಣ್ಣು ಮುಚ್ಚಿಕೊಂಡೇ. "ನುಂಗಿಬಿಟ್ಟೆ ಅಂತ ಅವತ್ತೇ ಹೇಳಿದ್ನಲ್ಲ. ನೀವೆಲ್ಲ ನಕ್ರಿ."