ಹಳೇ ಬಣ್ಣದಡಿಯ ಹೆಬ್ಬೆರಳು

ಸತ್ತವರು ಬರುತ್ತಾರೆ, ಕುರುಹು ಕೊಡುತ್ತಾರೆ ಅಂತ ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದವನು. ನನ್ನ ಹೆಂಡತಿ ಲಲಿತಳ ತಿಥಿಯ ದಿನ ಕಾಗೆ ಪಿಂಡ ಮುಟ್ಟಲಿಲ್ಲ ಅಂತ ನಮ್ಮತ್ತೆ ಅಳುತ್ತಿದ್ದರೆ, "ಅದಕ್ಕೆ ಹೊಟ್ಟೆ ತುಂಬಿರಬೇಕು ಬಿಡಿ" ಅಂದುಬಿಟ್ಟಿದ್ದೆ. ಅಂಥ ಒರಟ ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವೂ ಎದ್ದು ಹೋದರೆ ನನಗೇನೂ ಬೇಜಾರಿಲ್ಲ.

ನನ್ನ ಕೆಲಸ ಏನೆಂದು ಮೊದಲು ಹೇಳಬೇಕು. ರೈಲು ಡಬ್ಬಿಗಳಿಗೆ ಬಣ್ಣ ಹೊಡೆಯುವ ಕೆಲಸಕ್ಕೆ ಅಂತ ಮಂಡ್ಯದ ಕಡೆಯಿಂದ ತಮಿಳು ಸೀಮೆಯ ಪೆರಂಬೂರಿಗೆ ಬಂದವನು, ಅದನ್ನು ಬಿಟ್ಟು ಮನೆ ಹಿಂದಿನ ಶೆಡ್ಡಿನಲ್ಲಿ ಹಳೇ ಸ್ಪೋರ್ಟ್ಸ್ ಕಾರುಗಳ ಚಕ್ರ ಸರಿಮಾಡುವುದಕ್ಕೆ ಕೈಹಾಕಿದೆ. ಆ ಕಾರು ಇಟ್ಟುಕೊಂಡವರಿಗೆ ಒಂದು ಹುಚ್ಚು. ಚಕ್ರ ಕಾರಿನ ಜೊತೆಗೇ ಹುಟ್ಟಿದ್ದಾಗಿರಬೇಕು, ಆಮೇಲೆ ತಂದು ಹಾಕಿದ್ದಾದರೆ ಅವರಿಗೆ ಊಟ ಸೇರುವುದಿಲ್ಲ. ಅಸಲಿಯೋ ಅಲ್ಲವೋ ಅಂತ ಹೇಳುವವನು ನಾನು. ಒಳಮೈಯಲ್ಲಿ ಒತ್ತಿರುವ ತಿಂಗಳು, ವರ್ಷದ ಅಚ್ಚು ನೋಡುತ್ತೇನೆ, ಚಕ್ರದ ನಡುವನ್ನು ಅಂಚಿಗೆ ಕೂಡಿಸಿದ ರಿವೆಟ್ಟು ಬಿಚ್ಚಿದ್ದಾರಾ ನೋಡುತ್ತೇನೆ. ಕೊನೆಗೆ ಬಣ್ಣವನ್ನು ಪದರ ಪದರವಾಗಿ ಬಿಡಿಸಿ ಬುಡದ್ದು ಫ್ಯಾಕ್ಟರಿಯ ಬಣ್ಣವೇ ಹೌದಾ ಅಂತ ನೋಡುತ್ತೇನೆ. ಜಂಬ ಅಂದುಕೊಂಡರೂ ಸರಿ, ಇದರಲ್ಲಿ ನಾನು ಎಂದೂ ತಪ್ಪಿದ್ದಿಲ್ಲ.

ಲಲಿತಳಿಗೆ ಒಂದು ಕೆಟ್ಟ ಚಾಳಿಯಿತ್ತು. ಹೊಸದಾಗಿ ಬಣ್ಣ ಹೊಡೆದ ಚಕ್ರ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. "ಒಣಗ್ತೇನ್ರೀ?" ಅಂತ ಕೇಳುವುದು, ನಾನು ಬಾಯಿ ತೆರೆಯುವ ಮೊದಲೇ ಬಲಗೈ ಹೆಬ್ಬೆರಳು ಒತ್ತುವುದು. ಅದೂ ಎದುರಿಗಲ್ಲ, ಕಳ್ಳಿ, ಹಿಂಭಾಗದಲ್ಲಿ, ಗಾಳಿ ತುಂಬುವ ವಾಲ್ವಿನ ತೂತಿನ ಪಕ್ಕ. ಆ ಬೆರಳಿಗೆ ಈಳಿಗೆಮಣೆ ತಗುಲಿ ಒಂದು ಓರೆ ಗೀರು ಬಿದ್ದಿತ್ತು. ಹೊಲಿಗೆ ಬಿಚ್ಚಿಕೊಂಡು ಎರಡನೇ ಸಲ ಕೂಡಿದ್ದರಿಂದ ತುದಿಯಲ್ಲಿ ಕವಲೊಡೆದಿತ್ತು. ಬೆಳಿಗ್ಗೆ ಎದ್ದು ಆ ಗುರುತು ನೋಡಿ ಬಾಯಿಗೆ ಬಂದ ಹಾಗೆ ಬಯ್ಯುತ್ತಿದ್ದೆ, ಉಜ್ಜಿ ಮತ್ತೆ ಬಣ್ಣ ಹೊಡೆಯುತ್ತಿದ್ದೆ. "ಹಿಂದ್ಗಡೆ ಯಾರ್ರೀ ಬಗ್ಗಿ ನೋಡ್ತಾರೆ?" ಅನ್ನುತ್ತಿದ್ದಳು. ಇಪ್ಪತ್ತು ವರ್ಷ ಇದೇ ರಾಮಾಯಣ.

ಒಂದು ದಿನ ಕಾಫಿ ಸೋಸುತ್ತಿದ್ದವಳು ಅಲ್ಲೇ ಕುಸಿದಳು. ಆಸ್ಪತ್ರೆ ಮುಟ್ಟುವುದರೊಳಗೆ ಇರಲಿಲ್ಲ.

ಕರ್ಮಗಳೆಲ್ಲ ಮುಗಿದು ಮನೆ ಖಾಲಿಯಾದ ಮೇಲೆ ನನಗೆ ಆ ಬೆರಳಿನ ಗುರುತು ಬೇಕು ಅನ್ನಿಸತೊಡಗಿತು. ಸೀರೆ ಇತ್ತು, ಫೋಟೋ ಇತ್ತು, ಅವು ಬೇಡ, ಅದೇ ಬೇಕು. ಹಳೇ ಗಿರಾಕಿಗಳಿಗೆಲ್ಲ ಫೋನ್ ಮಾಡಿ, ಚಕ್ರದ ಹಿಂದೆ ಏನಾದರೂ ಬೆರಳಿನ ಗುರುತಿದೆಯಾ ನೋಡಿ ಅಂದೆ. ಕೊಯಮತ್ತೂರಿನ ಒಬ್ಬರು ಪಾಪ, ಟಾರ್ಚ್ ಹಿಡಿದು ಕಾರಿನಡಿ ತೂರಿ ನೋಡಿ, "ಒಂದು ಕಲೆಯೂ ಇಲ್ಲ, ನಿಮ್ಮ ಕೆಲಸ ಎಷ್ಟು ಚೊಕ್ಕ ಸಾರ್!" ಅಂತ ಹೊಗಳಿದರು. ಫೋನ್ ಇಟ್ಟು ಮಗುವಿನ ಹಾಗೆ ಅತ್ತುಬಿಟ್ಟೆ.

ಅವಳು ಹೋಗಿ ಎಂಟು ತಿಂಗಳಾಗಿತ್ತು. ಅಣ್ಣಾ ನಗರ್‌ನ ಒಬ್ಬ ಡಾಕ್ಟರು ತಮ್ಮ ತಂದೆಯ ಕಾಲದ, ಇಬ್ಬರು ಕೂರುವ ಇಂಗ್ಲಿಷ್ ಕಾರಿನ ನಾಲ್ಕು ಚಕ್ರ ಕಳಿಸಿದರು. ಅವು ಅದಕ್ಕೆ ಮುಂಚೆ ನಮ್ಮ ಶೆಡ್ಡು ಕಂಡಿರಲಿಲ್ಲ. ಮಧ್ಯಾಹ್ನ ಊಟ ಮಾಡಿ ನಾಲ್ಕನೆಯದನ್ನು ಹಿಡಿದೆ. ಅಚ್ಚಿನಲ್ಲಿದ್ದದ್ದು ನಾನೂ ಲಲಿತಳೂ ಹುಟ್ಟುವುದಕ್ಕೆ ಮುಂಚಿನ ವರ್ಷ. ರಿವೆಟ್ಟು ಯಾರೂ ಮುಟ್ಟಿರಲಿಲ್ಲ. ವಾಲ್ವಿನ ತೂತಿನ ಪಕ್ಕ ಬ್ಲೇಡು ಇಟ್ಟೆ. ಮೇಲಿನ ಕಪ್ಪು, ಅದರಡಿಯ ಕೆನೆ ಬಣ್ಣ, ಎರಡೂ ಹಪ್ಪಳದ ಹಾಗೆ ಒಟ್ಟಿಗೇ ಎದ್ದು ಬಂದವು. ಕೆಳಗೆ ಫ್ಯಾಕ್ಟರಿಯ ಬೆಳ್ಳಿ ಬಣ್ಣ. ಅದರಲ್ಲಿ, ಬಣ್ಣ ಹಸಿಯಿದ್ದಾಗ ಒತ್ತಿದ ಒಂದು ಹೆಬ್ಬೆರಳು. ಓರೆ ಗೀರು. ತುದಿಯಲ್ಲಿ ಕವಲು.

ಮೈ ನಡುಗಿತು, ಬೆವರಿತು ಅಂತೆಲ್ಲ ಬರೆದರೆ ಸುಳ್ಳಾಗುತ್ತದೆ. ನನಗಾದದ್ದು ಸಂತೋಷ. "ಬಂದ್ಯೇನೇ?" ಅಂದೆ, ಜೋರಾಗಿಯೇ. ಆಮೇಲೆ ಬುದ್ಧಿ ಬಂದು ಭೂತಗನ್ನಡಿ ಹಿಡಿದು ಕೂತೆ. ಆ ಬೆಳ್ಳಿ ಬಣ್ಣ ಆಮೇಲೆ ಯಾರಾದರೂ ಹೊಡೆದದ್ದಾಗಿದ್ದರೆ ಅದರ ಕೆಳಗೆ ಉಜ್ಜಿದ ಗೀಚು ಇರಬೇಕು. ಇರಲಿಲ್ಲ. ಹತ್ತು ಸಲ ನೋಡಿದೆ. ಬಣ್ಣ ಅಸಲಿ, ಬೆರಳು ನನ್ನ ಹೆಂಡತಿಯದು.

ಡಾಕ್ಟರಿಗೆ ಫೋನ್ ಮಾಡಿ, ಹಿಂಭಾಗದಲ್ಲಿ ಎರಡು ಇಂಚು ಹಳೇ ಬಣ್ಣ ಹಾಗೇ ಬಿಡಲಾ ಅಂತ ಕೇಳಿದೆ. ಪುಣ್ಯಾತ್ಮರು, ಕಾರಣ ಕೂಡ ಕೇಳದೆ ಆಗಲಿ ಅಂದರು. ಊರಿನ ಆ ತುದಿಯ ಪೋರೂರಿನಲ್ಲಿ ಕೆಲಸದಲ್ಲಿದ್ದ ಮಗಳು ಮೇಘಳಿಗೆ ಫೋಟೋ ಕಳಿಸಿದೆ. ಇಲ್ಲೇ ಹುಟ್ಟಿ ಬೆಳೆದವಳು, ನಾವು ಕನ್ನಡದಲ್ಲಿ ಕೇಳಿದರೆ ಅವಳದು ತಮಿಳಿನಲ್ಲೇ ಉತ್ತರ. "ಅಪ್ಪಾ, ವೆರುಂ ವೆಳಿಚ್ಚಂ ದಾನ್ ತೆರಿಯುದು" ಅಂದಳು, ಬರೀ ಬೆಳಕು ಕಾಣಿಸುತ್ತಿದೆ ಅಂತ. ಬೆಳ್ಳಿ ಬಣ್ಣವಲ್ಲವಾ, ಎಷ್ಟು ಸಲ ತೆಗೆದರೂ ಹೊಳಪೇ ಬೀಳುತ್ತಿತ್ತು. "ನೀನೇ ಬಾ ತಾಯಿ, ಕಣ್ಣಲ್ಲಿ ನೋಡು" ಅಂದೆ. ನನ್ನ ದನಿ ಕೇಳಿ ಗಾಬರಿಯಾಗಿ ಅರ್ಧ ದಿನ ರಜೆ ಹಾಕಿ ಹೊರಟಳು.

ಕಾಯುತ್ತಾ ಕೂತಿದ್ದಾಗ, ಬ್ಲೇಡು ತಾಗಿದ ಅಂಚಿನಿಂದ ಬಣ್ಣದ ಒಂದು ಚೂರು ಉದುರಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಫ್ಯಾನ್ ಆರಿಸಿದೆ. ಉಸಿರು ಬಿಡುವುದಕ್ಕೂ ಭಯ. ಮಗಳು ಟ್ರಾಫಿಕ್ ದಾಟಿ ಬರುವುದರೊಳಗೆ ಎಲ್ಲಾ ಉದುರಿಹೋದರೆ? ಕೈಗೆ ಸಿಕ್ಕಿದ್ದು ಬಣ್ಣವಿಲ್ಲದ ಲ್ಯಾಕರ್ ಡಬ್ಬಿ. ಮೇಲೊಂದು ಪದರ ಬಳಿದರೆ ಭದ್ರವಾಗಿ ಕೂರುತ್ತದೆ ಅಂತ ಬ್ರಷ್ ಅದ್ದಿ ಬಳಿದೆ.

ಅಯ್ಯೋ ನನ್ನ ಕರ್ಮವೇ! ಲ್ಯಾಕರಿನಲ್ಲಿ ಥಿನ್ನರ್ ಇರುತ್ತದೆ, ಹಳೇ ಬಣ್ಣದ ಮೇಲೆ ಬಿದ್ದರೆ ಅದನ್ನು ಸುಕ್ಕುಗಟ್ಟಿಸಿ ಎಬ್ಬಿಸಿಬಿಡುತ್ತದೆ. ಎಷ್ಟು ಜನಕ್ಕೆ ನಾನೇ ಹೇಳಿಕೊಟ್ಟಿದ್ದೇನೆ ಇದನ್ನು. ನೋಡುತ್ತಿದ್ದ ಹಾಗೇ ಬೆಳ್ಳಿ ಬಣ್ಣ ಹಾಲಿನ ಕೆನೆಯಂತೆ ಮುದುಡಿತು. ಮೊದಲು ಗೀರು ಹೋಯಿತು, ಆಮೇಲೆ ಕವಲು. ಬಟ್ಟೆಯಲ್ಲಿ ಒತ್ತಲು ಹೋದೆ, ಇದ್ದದ್ದೂ ಬಟ್ಟೆಗೆ ಬಂತು.

ಮೇಘ ಬಂದಾಗ ಆ ಬಟ್ಟೆ ಹಿಡಿದುಕೊಂಡೇ ಕೂತಿದ್ದೆನಂತೆ. ನಡೆದದ್ದೆಲ್ಲ ಹೇಳಿದೆ. ಚಕ್ರವನ್ನು ತುಂಬಾ ಹೊತ್ತು ನೋಡಿದಳು. ಅಲ್ಲಿ ಬರೀ ಕಬ್ಬಿಣ ಇತ್ತು. ಆಮೇಲೆ ನನ್ನ ಪಕ್ಕ ನೆಲದ ಮೇಲೆ ಕೂತು, ತಡವರಿಸುವ ಕನ್ನಡದಲ್ಲಿ, "ಅಮ್ಮಂದೇಪ್ಪಾ. ನೀನ್ ಹೇಳಿದ್ಮೇಲೆ ಅಮ್ಮಂದೇ" ಅಂದಳು. ನಂಬಿ ಹೇಳಿದಳೋ, ನನ್ನ ಅವಸ್ಥೆ ನೋಡಿ ಹೇಳಿದಳೋ, ಇವತ್ತಿನವರೆಗೂ ಕೇಳುವ ಧೈರ್ಯವಾಗಿಲ್ಲ.

ಚಕ್ರ ಅಸಲಿ ಅಂತ ಬರೆದುಕೊಟ್ಟು ಕಳಿಸಿ ಮೂರು ವರ್ಷವಾಯಿತು. ಎಲ್ಲೋ ದೂರದ ದೇಶದ ಕಾರ್ಖಾನೆಯಲ್ಲಿ ಅಂಥದೇ ಗಾಯದ ಬೆರಳಿನವನೊಬ್ಬ ಇದ್ದಿರಬಹುದು ಅಂತ ಸಮಾಧಾನ ಮಾಡಿಕೊಳ್ಳಲು ನೋಡುತ್ತೇನೆ. ಹಾಗಾದರೆ ಅವಳು ಬರಲೇ ಇಲ್ಲ ಅಂತಾಯಿತು. ಅದನ್ನು ಒಪ್ಪಲು ಮನಸ್ಸು ಬರುವುದಿಲ್ಲ. ಅವಳದೇ ಅಂದುಕೊಂಡರೋ, ಅಷ್ಟು ದೂರದಿಂದ ಹೇಗೋ ಬಂದವಳನ್ನು ಮತ್ತೆ ನನ್ನ ಕೈಯಾರೆ ಅಳಿಸಿದೆ. ಎರಡರಲ್ಲಿ ಯಾವುದು ನಿಜವಾಗಿರಲಿ ಅಂತ ದೇವರಲ್ಲಿ ಕೇಳಿಕೊಳ್ಳಲಿ, ನೀವೇ ಹೇಳಿ.